ಹೆಸರು ಮೊದಲು, ಹೊಳಪು ಆಮೇಲೆ

“ಅಜ್ಜಾರ, ಹೊಸಾ ಕಾರ್ ತಗೊಂಡೀನ್ರಿ. ಬಣ್ಣ ಕೆಡಬಾರದಂತ ಮ್ಯಾಲೊಂದು ಕೋಟಿಂಗ್ ಮಾಡ್ತಾರಂತ. ಮಾಡಿಸ್ಲ್ಯೋ, ಬ್ಯಾಡೋ?”

ಕೇಳಿದವನು ಮುರಿಗೆಪ್ಪ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹದಿನೈದು ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಆ ಹೊತ್ತಿಗೆ, ಭಕ್ತರು ಅಜ್ಜಾರು ಎನ್ನುವ ಮಠದ ಗುರುಗಳ ಮುಂದೆ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ಮಠಕ್ಕೆ ಮುಕ್ತಿಯ ದಾರಿ ಕೇಳುವವರು ಬರುತ್ತಾರೆ, ಮಗಳಿಗೆ ಕಂಕಣಬಲ ಯಾವಾಗ ಎಂದು ಕೇಳುವವರು ಬರುತ್ತಾರೆ. ಕಾರಿನ ಬಣ್ಣದ ವಿಚಾರ ಹೊತ್ತು ತಂದವನು ಇವನೊಬ್ಬನೇ.

ಗುರುಗಳು ನಗಲಿಲ್ಲ. ಮುರಿಗೆಪ್ಪನ ಕೆನ್ನೆ ಇಳಿದಿತ್ತು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟ ಬಿಡಿಸಿದ ಪ್ರಶ್ನೆ ಯಾವುದೇ ಆಗಲಿ, ಸಣ್ಣದಲ್ಲ ಎಂದು ಗುರುಗಳಿಗೆ ಗೊತ್ತಿತ್ತು.

ಮುರಿಗೆಪ್ಪ ತನ್ನ ಕಷ್ಟ ಬಿಡಿಸಿ ಹೇಳಿದ. ಷೋರೂಮಿನವನು ಒಂದು ತಗಡು ತಂದು ತೋರಿಸಿದ್ದ. ಅರ್ಧಕ್ಕೆ ಲೇಪ ಹಚ್ಚಿತ್ತು, ಅರ್ಧ ಹಾಗೆಯೇ ಇತ್ತು. ನೀರು ಹಾಕಿದ. ಲೇಪವಿದ್ದ ಕಡೆ ನೀರು ನಿಲ್ಲದೆ ಜಾರಿ ಹೋಯಿತು. ಆಮೇಲೆ ಕೀಲಿಕೈ ತೆಗೆದು ಲೇಪವಿಲ್ಲದ ಕಡೆ ಒಂದು ಗೆರೆ ಎಳೆದ. ಆ ಗೆರೆ ಅಂದಿನಿಂದ ಮುರಿಗೆಪ್ಪನ ಕಣ್ಣ ಮುಂದೆಯೇ ಇತ್ತು. ಭಾವಮೈದುನ ದುಡ್ಡು ದಂಡ ಎನ್ನುತ್ತಾನೆ. ಜೊತೆಯ ಮಾಸ್ತರರು ಮಾಡಿಸದೆ ಬಿಟ್ಟರೆ ಕೆಟ್ಟೆ ಎನ್ನುತ್ತಾರೆ. ಸಂಜೆಯೊಳಗೆ ಫೋನು ಮಾಡಿ ಹೂಂ ಅಥವಾ ಉಹೂಂ ಹೇಳಬೇಕು.

“ಗಾಡಿ ಎಲ್ಲಿ ನಿಲ್ಲಿಸಿದಿ?” ಎಂದು ಗುರುಗಳು ಕೇಳಿದರು.

“ಹೊರಗ ಬಯಲಾಗ ನಿಲ್ಲಿಸೀನ್ರಿ. ಬೇವಿನ ಗಿಡದ ಕೆಳಗ ಹಕ್ಕಿ ಹಿಕ್ಕಿ ಬೀಳ್ತಾವ. ಹುಡುಗ್ರು ಮುಟ್ಟಬಾರದಂತ ಕಾಯಾಕ ಒಬ್ಬರನ್ನ ಬಿಟ್ಟು ಬಂದೀನ್ರಿ.”

ಗುರುಗಳು ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದರು. ಗೋಡೆಗೆ ಒರಗಿ ಕುಳಿತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅಂಗಡಿಯ ಒಳಗೆ ಅವನು ಕೂರುತ್ತಿದ್ದ. ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಅವನ ಅಪ್ಪ ಕೂರುತ್ತಿದ್ದ. ಮಗ ಪಾತ್ರೆ ಮಾರುತ್ತಿದ್ದ, ಅಪ್ಪ ಅದಕ್ಕೆ ಹೆಸರು ಹಾಕುತ್ತಿದ್ದ.

ಆ ಊರಿನಲ್ಲಿ ಹೆಸರು ಹಾಕಿಸದೆ ಹೊಸ ಪಾತ್ರೆಯನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಮದುವೆ ಮುಂಜಿಗೆ ಮನೆಮನೆಯ ಪಾತ್ರೆಗಳು ಒಂದೆಡೆ ಸೇರುತ್ತವೆ. ಹೆಸರಿದ್ದ ಪಾತ್ರೆ ಮನೆಗೆ ಹಿಂತಿರುಗುತ್ತದೆ, ಇಲ್ಲದ್ದು ಯಾರ ಅಡುಗೆಮನೆ ಸೇರುತ್ತದೋ ಶಿವನೇ ಬಲ್ಲ. ಹಾಗಾಗಿ ಕೊಡವಿರಲಿ, ತಂಬಿಗೆಯಿರಲಿ, ಕೊಂಡವರು ಮೊದಲು ಮುದುಕನ ಮುಂದೆ ಇಡುತ್ತಿದ್ದರು. ಅವನ ಬಳಿ ಒಂದು ಸಣ್ಣ ಉಳಿ, ಒಂದು ಸಣ್ಣ ಸುತ್ತಿಗೆ. ಟಕ್ ಟಕ್ ಎಂದು ಚುಕ್ಕೆಯ ಪಕ್ಕ ಚುಕ್ಕೆ ಹೊಡೆದು ಅಕ್ಷರ ಮೂಡಿಸುತ್ತಿದ್ದ. ಬೇರೆ ಅಂಗಡಿಗಳಿಗೆ ಕರೆಂಟಿನ ಯಂತ್ರ ಬಂದಿತ್ತು. ಇವನು ಉಳಿ ಬಿಡಲಿಲ್ಲ. ಮಕ್ಕಳ ಹೆಸರಿಗೆ ಮೊದಲು ಚಿರಂಜೀವಿ ಎಂದು ಹಾಕುವ ಅವನ ‘ಚಿ’ ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಅದನ್ನು ನೋಡಿಯೇ ಜನ ಇದು ಇಂಥ ಅಂಗಡಿಯ ಪಾತ್ರೆ ಎಂದು ಗುರುತಿಸುತ್ತಿದ್ದರು.

ಊರಿನ ಅರ್ಧ ಜನರ ಹೆಸರು ಅವನ ಕೈಯಿಂದ ಬಂದದ್ದು. ಅವನ ಸ್ವಂತ ಮನೆಯಲ್ಲಿ ಮಾತ್ರ ಹೆಸರಿದ್ದ ಒಂದು ಲೋಟವೂ ಇರಲಿಲ್ಲ. ವ್ಯಾಪಾರಿಯ ಮನೆಗೆ ಹೊಸ ಪಾತ್ರೆ ಯಾಕೆ ಹೋಗುತ್ತದೆ? ನೆಗ್ಗಿದ್ದು, ಗಿರಾಕಿ ಒಲ್ಲೆ ಎಂದದ್ದು, ತಳ ಸರಿಯಾಗಿ ಕೂರದ್ದು ಮನೆಗೆ ಹೋಗುತ್ತಿತ್ತು. ಅದಕ್ಕೆ ಯಾರು ಹೆಸರು ಹಾಕುತ್ತಾರೆ?

ಹೀಗಿರಲು ವ್ಯಾಪಾರಿ ಒಂದು ಕಾರು ಕೊಂಡ. ಅವನ ವಂಶದಲ್ಲಿ ಮೊದಲ ಕಾರು. ಕಡುಗೆಂಪು ಬಣ್ಣ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ. ಅಪ್ಪ ಮೂರು ಬೆರಳಿನಿಂದ ಬಾನೆಟ್ಟಿನ ಮೇಲೆ ವಿಭೂತಿ ಎಳೆದ. ಅಪ್ಪ ಆ ಕಡೆ ತಿರುಗಿದ ಕೂಡಲೇ ಮಗ ಮೆತ್ತನೆಯ ಬಟ್ಟೆ ತಂದು ವಿಭೂತಿಯನ್ನು ಒರೆಸಿದ. ಬೂದಿಯ ಕಣ ಬಣ್ಣಕ್ಕೆ ಗೆರೆ ಹಾಕುತ್ತದೆ ಎಂದು ಯಾರೋ ಹೇಳಿದ್ದರು. ಅಪ್ಪ ಮತ್ತೆ ಈ ಕಡೆ ತಿರುಗಿ ನೋಡಿದ. ಗಾಳಿಗೆ ಹೋಗಿರಬೇಕು ಎಂದುಕೊಂಡ.

ಮರುದಿನ ಲೇಪ ಹಚ್ಚುವವನು ಅಂಗಡಿಗೆ ಬಂದ. ಹೆಚ್ಚು ಮಾತಾಡುವ ಮನುಷ್ಯನಲ್ಲ. “ಇವತ್ತಲ್ಲ ನಾಳೆ ಗೆರಿ ಬೀಳೂದ ಅಣ್ಣಾರ. ಬಿದ್ದ ಮ್ಯಾಲೆ ನನಗ ಹೇಳಬ್ಯಾಡ್ರಿ” ಎಂದು ಹೇಳಿ, ನಂಬರು ಕೊಟ್ಟು ಹೋದ.

ಅಷ್ಟೇ ಮಾತು. ಆದರೆ ಅಲ್ಲಿಯವರೆಗೆ ವ್ಯಾಪಾರಿ ತನ್ನ ಕಾರನ್ನು ನೋಡುತ್ತಿದ್ದ. ಅಂದಿನಿಂದ ಕಾರಿನ ಹತ್ತಿರ ಬರುವವರನ್ನು ನೋಡತೊಡಗಿದ.

ಶಾಲೆಯ ಮಕ್ಕಳು ಹೋಗುತ್ತಿದ್ದರೆ ಅವರ ಮುಖ ಅವನಿಗೆ ಕಾಣುತ್ತಿರಲಿಲ್ಲ, ಚೀಲದ ಕೊಂಡಿ ಕಾಣುತ್ತಿತ್ತು. ಬೀದಿಯ ಆಕಳು ಕಾಣುತ್ತಿರಲಿಲ್ಲ, ಅದರ ಕೋಡು ಕಾಣುತ್ತಿತ್ತು. ಹೆಂಡತಿ ಕಾರು ಹತ್ತುವಾಗ ಬಳೆಯನ್ನು ಮೊಣಕೈವರೆಗೆ ಏರಿಸಿಕೊಳ್ಳಬೇಕೆಂದು ಕಟ್ಟಳೆ ಮಾಡಿದ. ಅವಳು ಒಂದು ದಿನ ಏರಿಸಿಕೊಂಡಳು. ಎರಡನೆಯ ದಿನದಿಂದ ನಡೆದೇ ಸಂತೆಗೆ ಹೋದಳು. ಗಲ್ಲಾಪೆಟ್ಟಿಗೆಯ ಹಿಂದೆ ಇದ್ದ ಕುರ್ಚಿ ಬಾಗಿಲಿಗೆ ಬಂತು. ಕಾರು ಕಾಣುವಂತೆ ಕುಳಿತು ಗಿರಾಕಿಗೆ ಬೆನ್ನು ತೋರಿಸಿ ದರ ಹೇಳುತ್ತಿದ್ದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಸ್ವಂತ ಅಂಗಡಿಯಲ್ಲಿ, ಮಧ್ಯಾಹ್ನ ಉಂಡ ಮೇಲೂ, ಕಣ್ಣು ಮುಚ್ಚಲಾಗಲಿಲ್ಲ.

ಹಾಗಾದರೆ ಲೇಪ ಹಚ್ಚಿಸಿ ನೆಮ್ಮದಿಯಾಗಿ ಇರಬಹುದಿತ್ತಲ್ಲ ಎನ್ನುತ್ತೀಯ. ಅದೂ ಆಗಲಿಲ್ಲ. ಬೆಳಗ್ಗೆ ಹಚ್ಚಿಸುತ್ತೇನೆ ಎನ್ನುತ್ತಿದ್ದ. ಇದು ಮೋಸವಿದ್ದರೆ ಏನು ಗತಿ ಎಂದು ಮಧ್ಯಾಹ್ನ ಬೇಡ ಎನ್ನುತ್ತಿದ್ದ. ಬೇಡ ಎಂದ ಕೂಡಲೇ ಒಂದು ಕಾಗೆ ಬಂದು ಕಾರಿನ ಮೇಲೆ ಕೂರುತ್ತಿತ್ತು. ಕಾಗೆ ಎಂದಿನಂತೆ ಬರುತ್ತಿತ್ತು, ಇವನು ಅದನ್ನು ಶಕುನ ಮಾಡಿಕೊಳ್ಳುತ್ತಿದ್ದ. ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಹೀಗೆ ಎಂಟು ದಿನ ಕಳೆಯಿತು.

ಅಂಗಡಿಯ ಹೊಸ್ತಿಲಲ್ಲಿ ಅಪ್ಪ ಇದನ್ನೆಲ್ಲ ನೋಡುತ್ತಿದ್ದ. ಮಗನ ಮುಖ ಇಳಿದುಹೋದದ್ದು ಅವನಿಗೆ ಕಾಣುತ್ತಿತ್ತು. ಕಾರಣ ತಿಳಿಯುತ್ತಿರಲಿಲ್ಲ. ಹೊಸ ಸಾಮಾನು ಬಂದ ಮನೆಯಲ್ಲಿ ಯಾಕೆ ಹೀಗೆ ಎಂದು ಮುದುಕ ಒಳಗೊಳಗೇ ಕೊರಗಿದ.

ಒಂಬತ್ತನೆಯ ದಿನ ಊಟಕ್ಕೆ ಕುಳಿತಾಗ ಮಗ ಹೇಳಿದ. “ನಾಳೆ ಕೋಟಿಂಗ್‌ನವ ಬರ್ತಾನ. ಒಮ್ಮೆ ಹಚ್ಚಿದ ಮ್ಯಾಲೆ ಮುಗೀತು. ಅದರ ಮ್ಯಾಲೆ ಏನೂ ಮೂಡೂದಿಲ್ಲ.”

ಅಪ್ಪ ಎತ್ತಿದ ತುತ್ತನ್ನು ಹಾಗೇ ಹಿಡಿದ. “ಏನೂ ಮೂಡೂದಿಲ್ಲ?” ಎಂದು ಕೇಳಿದ.

“ಏನೂ ಇಲ್ಲ.”

ಅಪ್ಪ ತಲೆಯಾಡಿಸಿ ಊಟ ಮುಂದುವರಿಸಿದ. ಮಗನ ಮನಸ್ಸು ಹಗುರವಾಗಿತ್ತು. ಅಪ್ಪನ ಮನಸ್ಸಿನಲ್ಲಿ ಏನು ಓಡಿತೆಂದು ಅವನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ತಿಳಿಯುತ್ತಿತ್ತು, ಯಾಕೆಂದರೆ ಆ ಪಾಠವನ್ನು ಅವನೂ ಅದೇ ಅಂಗಡಿಯಲ್ಲಿ ಕಲಿತವನು. ಹೆಸರು ಮೊದಲು, ಹೊಳಪು ಆಮೇಲೆ. ಪಾತ್ರೆಗೆ ಹೊಳಪು ಕೊಟ್ಟ ಮೇಲೆ ಉಳಿ ಇಟ್ಟರೆ ಹೊಳಪೂ ಕೆಡುತ್ತದೆ, ಅಕ್ಷರವೂ ಕೆಡುತ್ತದೆ. ಹೆಸರು ಹಾಕುವುದಿದ್ದರೆ ಹೊಳಪಿನವನು ಬರುವ ಮೊದಲೇ ಹಾಕಿ ಮುಗಿಸಬೇಕು.

ಮರುದಿನ ಬೆಳಗ್ಗೆ ವ್ಯಾಪಾರಿ ಮಿಂದು ಗುಡಿಗೆ ಹೋದ. ಕಾಯಿ ಒಡೆಸಿದ. ಒಂಬತ್ತು ದಿನಗಳಲ್ಲಿ ಮೊದಲ ಸಲ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿದ. ಮನೆಯ ಓಣಿಗೆ ತಿರುಗಿದಾಗ ಟಕ್ ಟಕ್ ಎನ್ನುವ ಸದ್ದು ಕೇಳಿಸಿತು. ತೊಟ್ಟಿಲಲ್ಲಿ ಮಲಗಿದ್ದ ದಿನದಿಂದ ಕೇಳಿದ ಸದ್ದು ಅದು. ಅದರತ್ತ ಅವನ ಗಮನ ಹೋಗಲಿಲ್ಲ. ಅದೇ ತಾಳಕ್ಕೆ ಹತ್ತು ಹೆಜ್ಜೆ ನಡೆದ. ಹನ್ನೊಂದನೆಯ ಹೆಜ್ಜೆಗೆ ಅವನಿಗೆ ನೆನಪಾಯಿತು. ಅಂಗಡಿ ಇರುವುದು ಪೇಟೆಯಲ್ಲಿ. ಇಲ್ಲಿ ಮನೆಯ ಮುಂದೆ ಇರುವುದು ಕಾರು.

ಓಡಿ ಬಂದ.

ಅಪ್ಪ ಕಾರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದುಕೊಂಡಿದ್ದ. ಚಾಲಕನ ಕಡೆಯ ಬಾಗಿಲಿನ ಮೇಲೆ, ಹಿಡಿಕೆಯ ಕೆಳಗೆ, ಕೊನೆಯ ಚುಕ್ಕೆ ಹೊಡೆದು ಬೆರಳಿನಿಂದ ಒರೆಸುತ್ತಿದ್ದ. ಅಲ್ಲಿ ಎರಡು ಸಾಲು ಇತ್ತು. ‘ಚಿ. ರಾಚಪ್ಪನಿಗೆ’ ಎಂದು ಮೇಲೆ, ‘ಅಪ್ಪ’ ಎಂದು ಕೆಳಗೆ. ‘ಚಿ’ ಎಂದಿನಂತೆ ಎಡಕ್ಕೆ ವಾಲಿತ್ತು.

ಮುದುಕ ಮಗನತ್ತ ಮುಖ ಎತ್ತಿದ. ಮುಖದಲ್ಲಿ ಸಂತೋಷ ತುಂಬಿತ್ತು. “ಅಂವ ಬರೂಕಿಂತ ಮೊದಲ ಮುಗಸ್ಬೇಕಂತ ಲಗೂನ ಕುಂತೆ. ತಗಡು ತೆಳ್ಳಗೈತೋ ತಮ್ಮಾ, ಹಗೂರ ಹೊಡದೀನಿ. ಇನ್ನ ಇದು ಎಲ್ಲಿ ಹೋದ್ರೂ ನಿನ್ನ ಮನಿಗೇ ಬರ್ತೈತಿ” ಎಂದ.

ಮಗನಿಗೆ ಕಂಡದ್ದು ಗೆರೆ. ಅಕ್ಷರ ಕಾಣಲಿಲ್ಲ. “ನಿನ್ನ ಕೈ ಬಿದ್ದ ಹೋಗ್ಲಿ!” ಎಂದು ಕೂಗಿದ.

ಮುರಿಗೆಪ್ಪ, ಆ ಮಾತನ್ನು ಹಗೆಯವನಿಗೂ ಆಡಬಾರದು. ಅದು ಓಣಿಗೆಲ್ಲ ಕೇಳಿತು. ಒಬ್ಬ ಹೆಂಗಸು ರಂಗೋಲಿ ಹಾಕುವುದನ್ನು ಬಿಟ್ಟು ಒಳಗೆ ಹೋದಳು. ಮುದುಕ ಮೊದಲು ತನ್ನ ಕೈ ನೋಡಿಕೊಂಡ. ಆಮೇಲೆ ಬಾಗಿಲು ನೋಡಿದ. ಉಳಿ ಮತ್ತು ಸುತ್ತಿಗೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ಒಳಗೆ ಹೋದ.

ಲೇಪದವನು ಹೇಳಿದ ಹೊತ್ತಿಗೆ ಬಂದ. ಬಾಗಿಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ. ಅವನು ಮೋಸಗಾರನಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. “ಕೋಟಿಂಗ್ ತನ್ನ ಕೆಳಗ ಏನೈತೋ ಅದನ್ನ ಹಂಗ ಹಿಡದ ಇಡ್ತೈತ್ರಿ. ಇದರ ಮ್ಯಾಲೆ ಹಚ್ಚಿದ್ರ ಈ ಅಕ್ಷರಾನೂ ಹಂಗ ಉಳೀತಾವ. ಬ್ಯಾಡಂದ್ರ ಮೊದಲ ಅಳಿಸಿ ಬಣ್ಣ ಹೊಡೀಬೇಕು. ಯಾವುದು ಮಾಡೂಣು?”

ಲೇಪ ಬೇಕೋ ಬೇಡವೋ ಎಂದು ಒಂಬತ್ತು ದಿನ ಒದ್ದಾಡಿದ ವ್ಯಾಪಾರಿಗೆ ಇದಕ್ಕೆ ಉತ್ತರ ಹೇಳಲು ಒಂದು ಗಳಿಗೆಯೂ ಬೇಕಾಗಲಿಲ್ಲ.

“ಅಳಸ್ರಿ” ಎಂದ.

ಬಾಗಿಲಿನ ತಗಡು ಸಮ ಮಾಡಿದರು. ಉಜ್ಜಿದರು. ಬಣ್ಣ ಹೊಡೆದರು. ಮೇಲೆ ಲೇಪ ಹಚ್ಚಿದರು. ಕೆಲಸ ಅಚ್ಚುಕಟ್ಟಾಗಿತ್ತು. ಎಲ್ಲಿ ಅಕ್ಷರವಿತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ವ್ಯಾಪಾರಿ ಕುರ್ಚಿಯನ್ನು ಬಾಗಿಲಿನಿಂದ ಎತ್ತಿ ಗಲ್ಲಾಪೆಟ್ಟಿಗೆಯ ಹಿಂದೆ ಹಾಕಿದ.

ಮರುದಿನ ಅಂಗಡಿಯಲ್ಲಿ ಒಬ್ಬ ಗಿರಾಕಿ ಹಂಡೆ ಕೊಂಡು ಹೊಸ್ತಿಲ ಬಳಿ ನಿಂತ. ಮಣೆ ಖಾಲಿ ಇತ್ತು. ವ್ಯಾಪಾರಿ ಮನೆಗೆ ಬಂದು, “ಅಪ್ಪಾ, ಗಿರಾಕಿ ಕಾಯಾಕತ್ತಾರ” ಎಂದ.

“ಕೈ ಏಳವಲ್ದೋ ತಮ್ಮಾ” ಎಂದ ಅಪ್ಪ.

ಮುನಿಸಿನ ಮಾತಾಗಿದ್ದರೆ ಚೆನ್ನಾಗಿತ್ತು. ಮುನಿಸು ಒಂದು ದಿನ ಇಳಿಯುತ್ತದೆ. ಮುದುಕ ಉಳಿ ಹಿಡಿದು ತೋರಿಸಿದ. ತುತ್ತು ಎತ್ತುವ ಕೈ, ಜಪದ ಸರ ಹಿಡಿಯುವ ಕೈ, ಉಳಿ ಹಿಡಿದ ಕೂಡಲೇ ನಡುಗಿತು. ಡಾಕ್ಟರಿಗೆ ತೋರಿಸಿದರು. ಕೈಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಮಗ ಅಪ್ಪನ ಕಾಲು ಹಿಡಿದು ಅತ್ತ. “ನಿನ್ನ ಮ್ಯಾಲೆ ನನಗೇನು ಸಿಟ್ಟೋ, ಹುಚ್ಚಪ್ಪ” ಎಂದು ಅಪ್ಪ ತಲೆ ಸವರಿದ. ಅದೂ ನಿಜವೇ. ಅವನಿಗೆ ಸಿಟ್ಟಿರಲಿಲ್ಲ. ಮೊದಲಿನಂತೆ ಉಂಡ, ಮಾತಾಡಿದ, ಮೊಮ್ಮಕ್ಕಳನ್ನು ಆಡಿಸಿದ. ಕೈ ಮಾತ್ರ ಏಳಲಿಲ್ಲ. ಹೊಸ್ತಿಲಿಗೆ ಕರೆಂಟಿನ ಯಂತ್ರ ಬಂತು. ಎರಡು ವರ್ಷ ಕಳೆದು ಮುದುಕ ಲಿಂಗೈಕ್ಯನಾದ.

ಆಮೇಲೆ ಒಂದು ದಿನ ವ್ಯಾಪಾರಿ ಯಾರದೋ ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದ. ಸಾರು ಬಡಿಸುವವನು ಪಾತ್ರೆಯನ್ನು ಅವನ ಎಲೆಯ ಮುಂದೆ ಇಟ್ಟ. ಪಾತ್ರೆಯ ಕಂಠದ ಮೇಲೆ ‘ಚಿ’ ಎಂದಿತ್ತು, ಎಡಕ್ಕೆ ವಾಲಿತ್ತು. ಪಾಯಸದ ಪಾತ್ರೆ ಬಂತು. ಅದರ ಮೇಲೂ ಅದೇ ಕೈ. ನೀರಿನ ತಂಬಿಗೆ ಬಂತು, ಅದರ ಮೇಲೂ ಇತ್ತು. ಯಾರ ಯಾರ ಮಕ್ಕಳ ಹೆಸರೋ, ಎಲ್ಲ ಅವನ ಅಪ್ಪನ ಅಕ್ಷರ. ವ್ಯಾಪಾರಿ ಅರ್ಧ ಊಟಕ್ಕೆ ಎದ್ದ.

ಮನೆಗೆ ಬಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗೆ ಇಳಿಸಿದ. ಒಂದೊಂದನ್ನೂ ತಿರುಗಿಸಿ ನೋಡಿದ. ನೆಗ್ಗಿದ ಬೋಗುಣಿ, ತಳ ಕೂರದ ಚರಿಗೆ, ಒಂದರ ಮೇಲೂ ಒಂದು ಚುಕ್ಕೆ ಇರಲಿಲ್ಲ. ಆಗ ಅವನಿಗೆ ಅರ್ಥವಾಯಿತು. ಊರಿಗೆಲ್ಲ ಹೆಸರು ಬರೆದ ಅಪ್ಪ ತನ್ನ ಮಗನ ಹೆಸರನ್ನು ಜೀವಮಾನದಲ್ಲಿ ಬರೆದದ್ದು ಒಂದೇ ಸಲ.

ಹೊರಗೆ ಬಂದ. ಕಾರಿನ ಬಾಗಿಲಿನ ಮುಂದೆ, ಅಪ್ಪ ಕುಳಿತಿದ್ದ ಜಾಗದಲ್ಲಿಯೇ, ಕುಕ್ಕರಗಾಲಲ್ಲಿ ಕುಳಿತ. ಹಿಡಿಕೆಯ ಕೆಳಗೆ ಅಂಗೈ ಇಟ್ಟು ಸವರಿದ. ಉಗುರಿನಿಂದ ಹುಡುಕಿದ. ನುಣ್ಣಗಿತ್ತು. ಕಣ್ಣೀರು ಬಾಗಿಲಿನ ಮೇಲೆ ಬಿತ್ತು. ಲೇಪ ಒಳ್ಳೆಯದಾಗಿತ್ತು, ಮುರಿಗೆಪ್ಪ. ಕಣ್ಣೀರೂ ಅದರ ಮೇಲೆ ನಿಲ್ಲಲಿಲ್ಲ, ಜಾರಿ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಆದರೂ ಗಣಿತದ ಮಾಸ್ತರ, ಲೆಕ್ಕಕ್ಕೆ ಉತ್ತರ ಬಾರದೆ ಅವನಿಗೆ ಏಳಲಾಗಲಿಲ್ಲ. ಸಂಜೆ ಹತ್ತಿರವಾಗುತ್ತಿತ್ತು, ಜೇಬಿನಲ್ಲಿ ಫೋನು ಇತ್ತು.

“ಹಂಗಾದ್ರ ಕೋಟಿಂಗ್ ಬ್ಯಾಡಂತೀರೇನ್ರಿ, ಅಜ್ಜಾರ?” ಎಂದು ಕೇಳಿದ.

ಗುರುಗಳು ಮತ್ತೊಮ್ಮೆ ಕಿಟಕಿಯಿಂದ ಹೊರಗೆ ನೋಡಿದರು.

“ಅದನ್ನ ಆಮ್ಯಾಲೆ ನೋಡೂಣು ಮುರಿಗೆಪ್ಪ, ನನ್ನ ದರ್ಶನಕ್ಕಂತ ಬಂದು, ಆಗಿನಿಂದ ಆ ಬಿಸಿಲಾಗ ನಿನ್ನ ಗಾಡಿ ಕಾಯ್ಕೋತ ನಿಂತಾಳಲ್ಲ ನಿಮ್ಮವ್ವ, ಮೊದಲ ಆಕಿನ್ನ ಒಳಗ ಕರಕೊಂಡು ಬಾ.”